ಟೀಕಾಚಾರ್ಯ ಶ್ರೀ ಜಯತೀರ್ಥರು

ಟೀಕಾಚಾರ್ಯರ ಹೆಸರನ್ನು ನಮ್ಮವರು ಭಕ್ತಿಯಿಂದ ಉಚ್ಚರಿಸುತ್ತಾರೆ. ಅವರು ಏನನ್ನು ವಿಚಾರಿಸಿದರೆಂಬುದನ್ನು ಬಲ್ಲವರು ವಿರಳ.

ಸಂಪ್ರದಾಯದಂತೆ ಅವರ ಪೂರ್ವಾಶ್ರಮದ ನಾಮ ಧೋಂಡೋಪಂತ. ತಂದೆ ಮಂಗಳವೇಢೆಯ ದೇಶಪಾಂಡೆ ರಘುನಾಥರಾಯರು. ಹೆಸರು ಮರಾಠಿ, ಕರ್ಮಭೂಮಿ ಕಾಗಿಣಾ ತೀರದ ಮಳಖೇಡ. (1956ರವರೆಗೆ ಮಳಖೇಡವೂ ನಮ್ಮ ಉಮರ್ಗಾ, ನಿಲಂಗಾ, ಉದಗೀರಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವೆಂಬುದನ್ನು ಕಿರಿಯರು ಅರಿಯಬೇಕು.) ಕುದುರೆಯಿಂದಿಳಿಯದೆ ಹೊಳೆಗೆ ಬಾಯೊಡ್ಡಿ ನೀರು ಕುಡಿದ ತರುಣನನ್ನು ಅಕ್ಷೋಭ್ಯತೀರ್ಥರು ಗುರುತಿಸಿ ಸಂನ್ಯಾಸವಿತ್ತ ಕಥೆ ಸರ್ವವಿದಿತ. ಅವರ ಪೀಠಾಧಿಪತ್ಯವನ್ನು 1365ರಿಂದ 1388ರವರೆಗೆಂದು ಎಣಿಸುವುದು ವಾಡಿಕೆ. ನನ್ನ ಅಲ್ಪಮತಿಗೆ ಆ ಕಥೆಗಿಂತ ಅವರ ತರ್ಕವೇ ಹೆಚ್ಚು ವಿಸ್ಮಯಕರವಾಗಿ ತೋರುತ್ತದೆ.

ಬೆಲ್ಲ ಬೇರೆಯೋ, ಅದರ ಸಿಹಿ ಬೇರೆಯೋ? ಎರಡೂ ಕೇವಲ ಒಂದೇ ಆಗಿದ್ದರೆ ಬೆಲ್ಲವನ್ನು ಮುಟ್ಟಿದ ಕೈಗೂ ಸಿಹಿ ತಿಳಿಯಬೇಕಿತ್ತು. ಬೇರೆಯೆಂದರೆ ಅವೆರಡನ್ನು ಕೂಡಿಸುವುದೇನು? ವೈಶೇಷಿಕರು ಸಮವಾಯವೆಂಬ ಸಂಬಂಧವನ್ನು ಒಪ್ಪಿದರು. ಆ ಸಮವಾಯವನ್ನು ಬೆಲ್ಲಕ್ಕೆ ಕೂಡಿಸಲು ಮತ್ತೊಂದು ಸಂಬಂಧ ಬೇಕು, ಅದಕ್ಕೆ ಇನ್ನೊಂದು. ಹೀಗೆ ಕೊನೆಯಿಲ್ಲದ ಅನವಸ್ಥೆ. ಈ ಆಕ್ಷೇಪ ಬ್ರಹ್ಮಸೂತ್ರಗಳಷ್ಟೇ ಹಳೆಯದು. ಶ್ರೀ ಮಧ್ವಾಚಾರ್ಯರು ನೀಡಿದ ಪರಿಹಾರವನ್ನು ಜಯತೀರ್ಥರು ತಮ್ಮ ‘ನ್ಯಾಯಸುಧಾ’ದಲ್ಲಿ ಎದುರಾಳಿಯ ಒಂದೊಂದು ಮಾತನ್ನೂ ಎತ್ತಿಕೊಂಡು ಸಮರ್ಥಿಸಿದರು. ವಸ್ತುವಿನಲ್ಲಿಯೇ ‘ವಿಶೇಷ’ವೆಂಬ ಶಕ್ತಿಯಿದೆ, ಭೇದವಿಲ್ಲದೆಡೆಯಲ್ಲಿಯೂ ಭೇದದ ವ್ಯವಹಾರವನ್ನು ಅದು ನಡೆಸಿಕೊಡುತ್ತದೆ. ಅದು ಸ್ವನಿರ್ವಾಹಕ, ತನ್ನನ್ನು ತಾನೇ ನಿರ್ವಹಿಸಿಕೊಳ್ಳುವಂಥದು. ಆದ್ದರಿಂದ ಮತ್ತೊಂದು ಕೊಂಡಿಯನ್ನು ಬೇಡುವುದಿಲ್ಲ. ವಸ್ತುವಿರುವವರೆಗೂ ಇರುವ ಗುಣ ವಸ್ತುವಿನಿಂದ ಅಭಿನ್ನ. ಮಾವಿನಕಾಯಿಯ ಹಸಿರಾದರೋ ಹಣ್ಣಾದಾಗ ಅಳಿಯುತ್ತದೆ, ಕಾಯಿಯೇ ಹಣ್ಣಾಗಿ ಉಳಿಯುತ್ತದೆ. ಅಂಥ ಗುಣಕ್ಕೆ ವಸ್ತುವಿನೊಡನೆ ಭೇದವೂ ಉಂಟು, ಅಭೇದವೂ ಉಂಟು.

ಇದು ಬರಿಯ ಪದಜಾಲವೆಂದು ಭಾವಿಸಬಾರದು. ಗುಣಗಳು ವಸ್ತುವಿಗೆ ಹೇಗೆ ಸೇರಿವೆಯೆಂದು ನಿರೂಪಿಸಲಾಗದಿದ್ದರೆ, ಕಾಣುವ ಜಗತ್ತೇ ಮಿಥ್ಯೆಯೆನ್ನುವ ವಾದಕ್ಕೆ ದಾರಿಯಾಗುತ್ತದೆ. ಇಂಗ್ಲೆಂಡಿನ ತತ್ತ್ವಜ್ಞ ಎಫ್. ಎಚ್. ಬ್ರಾಡ್ಲಿ 1893ರಲ್ಲಿ ಇಂಥದೇ ಅನವಸ್ಥೆಯನ್ನು ತೋರಿಸಿ, ಸಂಬಂಧಗಳು ಪರಮಸತ್ಯವಲ್ಲವೆಂಬ ನಿರ್ಣಯಕ್ಕೆ ಬಂದರು. ಐದು ಶತಮಾನ ಮೊದಲೇ ಅದೇ ತೊಡಕನ್ನು ಎದುರಿಸಿದ ಜಯತೀರ್ಥರು ಜಗತ್ತಿನ ಸತ್ಯತ್ವವನ್ನು ಬಿಟ್ಟುಕೊಡಲಿಲ್ಲ.

ವಿದ್ಯಾರ್ಥಿಗಳಿಗಾಗಿ ಅವರು ‘ಪ್ರಮಾಣಪದ್ಧತಿ’ಯೆಂಬ ಚಿಕ್ಕ ಗ್ರಂಥವನ್ನೂ ರಚಿಸಿದರು. ಮಧ್ವಮಠಗಳಲ್ಲಿ ಸುಧಾಪಾಠ ಇಂದಿಗೂ ನಡೆಯುತ್ತಿದ್ದು, ಅದು ಮುಗಿದಾಗ ಸುಧಾಮಂಗಳವನ್ನು ಸಂಭ್ರಮದಿಂದ ಆಚರಿಸುತ್ತಾರೆ.