ಗಿಯರ್ ಹಲ್ಲು ಸವೆದರೆ ಹಳೆಯ ಮಿಲ್ಲಿಂಗ್ ಮೆಷಿನ್ ಗುಜರಿಗೇನಾ? ಜೋಸೆಫ್ ಬ್ರೌನ್ ಬದುಕಿನಲ್ಲಿದೆ ಉತ್ತರ

ಹಳೆಯ ಮಿಲ್ಲಿಂಗ್ ಮೆಷಿನ್ ಕೊಂಡು ರಿಪೇರಿ ಮಾಡಲು ಹೊರಟವರಿಗೆ ಮೂರು ಸಲಹೆಗಳು ಸಿಗುತ್ತವೆ. ಗಿಯರ್ ಹಲ್ಲು ಸವೆದಿದ್ದರೆ ಮೆಷಿನ್ ಗುಜರಿಗೆ ಕೊಡಿ ಎನ್ನುವುದು ಒಂದು. ದಪ್ಪ ಗ್ರೀಸ್ ತುಂಬಿದರೆ ಸರಿಹೋಗುತ್ತದೆ ಎನ್ನುವುದು ಇನ್ನೊಂದು. ವೆಲ್ಡಿಂಗ್ ಹಾಕಿಸಿ ಅರದಿಂದ ಉಜ್ಜಿದರೆ ಸಾಕು ಎನ್ನುವುದು ಮೂರನೆಯದು. ಮೂರೂ ಪೂರ್ತಿ ಸರಿಯಲ್ಲ. ಯಾಕೆ ಎಂದು ತಿಳಿಯಲು 150 ವರ್ಷಗಳ ಹಿಂದೆ ಬದುಕಿದ್ದ ಒಬ್ಬ ಗಡಿಯಾರ ರಿಪೇರಿಗಾರನ ಕಥೆ ನೋಡೋಣ.

ಮಿಲ್ಲಿಂಗ್ ಮೆಷಿನ್ ಕಂಡುಹಿಡಿದವರು ಯಾರು?

ಅಮೆರಿಕದ ಎಲಿ ವಿಟ್ನಿ 1818ರಲ್ಲಿ ಇದನ್ನು ಕಂಡುಹಿಡಿದರು ಎಂದು ಹಲವು ಪುಸ್ತಕಗಳಲ್ಲಿದೆ. ಆದರೆ 1960ರ ದಶಕದಲ್ಲಿ ಇತಿಹಾಸಕಾರರು ಮತ್ತೆ ಪರಿಶೀಲಿಸಿದಾಗ ಈ ಮಾತಿಗೆ ಗಟ್ಟಿ ಆಧಾರ ಸಿಗಲಿಲ್ಲ. ಬಂದೂಕು ತಯಾರಿಸುವ ಹಲವು ಕಾರ್ಖಾನೆಗಳಲ್ಲಿ ಹಲವರು ಸೇರಿ ಈ ಯಂತ್ರವನ್ನು ಹಂತ ಹಂತವಾಗಿ ರೂಪಿಸಿದ್ದರು. ಆದರೆ ಇಂದು ನಾವು ಯೂನಿವರ್ಸಲ್ ಮಿಲ್ಲಿಂಗ್ ಮೆಷಿನ್ ಎಂದು ಕರೆಯುವ ಯಂತ್ರ ಯಾರದ್ದು ಎಂಬುದರಲ್ಲಿ ಗೊಂದಲವಿಲ್ಲ. ಅದು ಜೋಸೆಫ್ ರೋಜರ್ಸ್ ಬ್ರೌನ್ ಅವರದ್ದು.

ಗಡಿಯಾರದ ಅಂಗಡಿಯಿಂದ ಶುರು

ಬ್ರೌನ್ ಹುಟ್ಟಿದ್ದು 1810ರ ಜನವರಿ 26ರಂದು, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವಾರೆನ್ ಎಂಬ ಊರಿನಲ್ಲಿ. ತಂದೆ ಡೇವಿಡ್ ಗಡಿಯಾರ ಮಾಡುವವರು. ಹದಿಹರೆಯದಲ್ಲೇ ಮಗ ಯಂತ್ರಗಳ ಕಾರ್ಖಾನೆಗೆ ಕೆಲಸ ಕಲಿಯಲು ಹೋದ. 1833ರಲ್ಲಿ ಅಪ್ಪ ಮಗ ಸೇರಿ ಪ್ರಾವಿಡೆನ್ಸ್ ನಗರದಲ್ಲಿ ಗಡಿಯಾರ ತಯಾರಿಕೆ ಮತ್ತು ರಿಪೇರಿಯ ಅಂಗಡಿ ತೆರೆದರು. 1837ರಲ್ಲಿ ಅಂಗಡಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿದರು. ಕೆಲವು ವರ್ಷಗಳ ನಂತರ ತಂದೆ ಇಲಿನಾಯ್ ಕಡೆಗೆ ಹೊರಟುಹೋದರು. ಅಂಗಡಿ ಮಗನ ಹೆಗಲಿಗೆ ಬಿತ್ತು.

ಗಡಿಯಾರದ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಚಕ್ರ ನಿಲ್ಲುತ್ತದೆ. ಹಾಗಾಗಿ ಬ್ರೌನ್ ಅವರಿಗೆ ಅಳತೆಯೇ ಮುಖ್ಯವಾಯಿತು. 1850ರಲ್ಲಿ ಸ್ಕೇಲಿನ ಮೇಲೆ ತಾನಾಗಿಯೇ ಗೆರೆ ಹಾಕುವ ಯಂತ್ರ ಕಟ್ಟಿದರು. 1851ರಲ್ಲಿ ಇಂಚಿನ ಸಾವಿರದಲ್ಲೊಂದು ಭಾಗವನ್ನು ಓದಬಲ್ಲ ವರ್ನಿಯರ್ ಕ್ಯಾಲಿಪರ್ ತಯಾರಿಸಿದರು. 1848ರಲ್ಲಿ ಕೆಲಸ ಕಲಿಯಲು ಬಂದಿದ್ದ ಲೂಸಿಯನ್ ಶಾರ್ಪ್ ಎಂಬ ಹುಡುಗ 1853ರಲ್ಲಿ ಪಾಲುದಾರನಾದ. ಬ್ರೌನ್ ಅಂಡ್ ಶಾರ್ಪ್ ಎಂಬ ಹೆಸರಾಂತ ಕಂಪನಿ ಬೆಳೆದದ್ದು ಹೀಗೆ.

ಯುದ್ಧ ತಂದ ಯಂತ್ರ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಬಂದೂಕಿನ ಭಾಗಗಳಲ್ಲಿ ರಂಧ್ರ ಕೊರೆಯಲು ಟ್ವಿಸ್ಟ್ ಡ್ರಿಲ್‌ಗಳು ಬೇಕಾಗಿದ್ದವು. ಆಗ ಡ್ರಿಲ್‌ನ ಸುರುಳಿ ತೋಡುಗಳನ್ನು ಕೆಲಸಗಾರರು ಕೈಯಲ್ಲಿ ಅರ ಹಿಡಿದು ಉಜ್ಜಿ ಮಾಡುತ್ತಿದ್ದರು. ಇದಕ್ಕೆ ದಾರಿ ಹುಡುಕಿ ಎಂದು ಪ್ರಾವಿಡೆನ್ಸ್ ಟೂಲ್ ಕಂಪನಿಯ ಫ್ರೆಡೆರಿಕ್ ಹೋವ್ ಅವರು ಬ್ರೌನ್ ಬಳಿಗೆ ಬಂದರು.

ಬ್ರೌನ್ ಡ್ರಿಲ್‌ಗಷ್ಟೇ ಒದಗುವ ಯಂತ್ರ ಮಾಡಲಿಲ್ಲ. ಟೇಬಲ್ ಓರೆಯಾಗಿ ತಿರುಗಬೇಕು, ಟೇಬಲ್ ಸರಿದಂತೆ ಕೆಲಸದ ತುಂಡೂ ಸುತ್ತಬೇಕು, ಬೇಕಾದಷ್ಟು ಸಮಭಾಗಗಳಾಗಿ ಅದನ್ನು ತಿರುಗಿಸಲೂ ಬರಬೇಕು. ಇದೆಲ್ಲ ಒಂದೇ ಯಂತ್ರದಲ್ಲಿ ಕೂಡಿತು. ಮೊದಲ ಯಂತ್ರ 1862ರ ಮಾರ್ಚ್‌ನಲ್ಲಿ ಮಾರಾಟವಾಯಿತು. ಡ್ರಿಲ್‌ಗಾಗಿ ಹುಟ್ಟಿದ ಈ ಯಂತ್ರದಲ್ಲಿ ಗಿಯರ್ ಕೂಡ ಕತ್ತರಿಸಬಹುದಾಗಿತ್ತು.

ಸವೆಯದ ಆಕಾರದ ಕಟರ್

ಇನ್ನೊಂದು ತೊಡಕು ಉಳಿದಿತ್ತು. ಗಿಯರ್ ಹಲ್ಲಿನ ಪಕ್ಕ ನೇರವಾಗಿರುವುದಿಲ್ಲ. ಅದು ಇನ್ವಾಲ್ಯೂಟ್ ಎಂಬ ಬಾಗಿದ ಗೆರೆ. ಕತ್ತರಿಸುವ ಕಟರ್ ಮೊಂಡಾದಾಗ ಸಾಣೆ ಹಿಡಿದರೆ ಅದರ ಆಕಾರವೇ ಕೆಡುತ್ತಿತ್ತು. 1864ರಲ್ಲಿ ಬ್ರೌನ್ ಪೇಟೆಂಟ್ ಪಡೆದ ಕಟರ್‌ನಲ್ಲಿ ಪ್ರತಿ ಹಲ್ಲಿನ ಹಿಂಭಾಗದವರೆಗೂ ಒಂದೇ ಆಕಾರ ಮುಂದುವರಿಯುತ್ತದೆ. ಮುಖಕ್ಕೆ ಮಾತ್ರ ಸಾಣೆ ಹಿಡಿದರೆ ಆಯಿತು, ಆಕಾರ ಬದಲಾಗದು. ಇಂದಿಗೂ ವರ್ಕ್‌ಶಾಪ್‌ಗಳಲ್ಲಿ ಬಳಸುವ 8 ಕಟರ್‌ಗಳ ಸೆಟ್ ಇದೇ ಬಗೆಯದು.

ಬ್ರೌನ್ ಕೊನೆಯವರೆಗೂ ಕೆಲಸ ಬಿಡಲಿಲ್ಲ. ಅವರ ಯೂನಿವರ್ಸಲ್ ಗ್ರೈಂಡಿಂಗ್ ಮೆಷಿನ್ 1876ರಲ್ಲಿ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದೇ ವರ್ಷ ಜುಲೈ 23ರಂದು ಅವರು ತೀರಿಕೊಂಡರು.

ಹಾಗಾದರೆ ನಮ್ಮ ಸವೆದ ಗಿಯರ್?

ಗ್ರೀಸ್ ಸದ್ದನ್ನು ಅಡಗಿಸಬಹುದು, ಸವೆದು ಹೋದ ಲೋಹವನ್ನು ವಾಪಸ್ ತರದು. ಒಂದೆರಡು ಹಲ್ಲು ಮುರಿದಿದ್ದರೆ ಬ್ರೇಜಿಂಗ್‌ನಿಂದ ಲೋಹ ತುಂಬಬಹುದು. ಆದರೆ ಅರದಿಂದ ಅಂದಾಜಿಗೆ ಉಜ್ಜಿದರೆ ಇನ್ವಾಲ್ಯೂಟ್ ಆಕಾರ ಸಿಗದು, ಕಟರ್‌ನಲ್ಲೇ ಮತ್ತೆ ಕತ್ತರಿಸಬೇಕು. ಎಲ್ಲ ಹಲ್ಲೂ ಸವೆದಿದ್ದರೆ ಹೊಸ ಗಿಯರ್ ಕತ್ತರಿಸುವುದೇ ದಾರಿ. ಅಂಗಡಿಯಲ್ಲಿ ಸಿಗದಿದ್ದರೂ ಲೆಕ್ಕದಿಂದ ಮಾಡಬಹುದು.

ಒಂದು ಉದಾಹರಣೆ ನೋಡೋಣ. ಹಳೆಯ ಗಿಯರ್‌ನಲ್ಲಿ 38 ಹಲ್ಲು, ಹೊರ ವ್ಯಾಸ 4 ಇಂಚು ಇದೆ ಎನ್ನಿ. ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಬಂದ 40ನ್ನು 4ರಿಂದ ಭಾಗಿಸಿ. ಉತ್ತರ 10. ಇದೇ ಡಯಾಮೆಟ್ರಲ್ ಪಿಚ್. ಆ ಪಿಚ್‌ನ ಸೆಟ್‌ನಲ್ಲಿ 35ರಿಂದ 54 ಹಲ್ಲಿನವರೆಗಿನ ಕಟರ್ ತೆಗೆದುಕೊಳ್ಳಬೇಕು. ಇಂಡೆಕ್ಸಿಂಗ್ ಹೆಡ್‌ನ ಹಿಡಿಕೆ 40 ಸುತ್ತು ತಿರುಗಿದರೆ ತುಂಡು 1 ಸುತ್ತು ತಿರುಗುತ್ತದೆ. 40ನ್ನು 38ರಿಂದ ಭಾಗಿಸಿದರೆ, ಪ್ರತಿ ಹಲ್ಲಿಗೆ 1 ಪೂರ್ತಿ ಸುತ್ತು ಮತ್ತು 19 ರಂಧ್ರಗಳ ವೃತ್ತದಲ್ಲಿ 1 ರಂಧ್ರ. ಐಟಿಐನಲ್ಲಿ ಮೆಷಿನಿಸ್ಟ್ ಟ್ರೇಡ್ ಓದಿದವರಿಗೆ ಈ ಲೆಕ್ಕ ಹೊಸದಲ್ಲ.

ಮೂರು ವಿಷಯ ನೆನಪಿಡಿ. ಸವೆದ ಹಲ್ಲಿನ ಆಕಾರವನ್ನೇ ನಕಲು ಮಾಡಬೇಡಿ, ಸವೆತವನ್ನೂ ನಕಲು ಮಾಡಿದಂತಾಗುತ್ತದೆ. ಜೋಡಿ ಗಿಯರ್ ಕೂಡ ಸವೆದಿದ್ದರೆ ಎರಡನ್ನೂ ಬದಲಿಸಿ, ಇಲ್ಲದಿದ್ದರೆ ಹೊಸದು ಬೇಗ ಹಾಳಾಗುತ್ತದೆ. ಈ ಲೆಕ್ಕ ಇಂಚಿನ ನೇರ ಹಲ್ಲಿನ ಗಿಯರ್‌ಗೆ ಮಾತ್ರ. ಮೆಟ್ರಿಕ್ ಯಂತ್ರಗಳಲ್ಲಿ ಮಾಡ್ಯೂಲ್ ಲೆಕ್ಕ ಬರುತ್ತದೆ, ಓರೆ ಹಲ್ಲಿನ ಗಿಯರ್‌ಗೆ ಲೆಕ್ಕವೇ ಬೇರೆ.

ಒಟ್ಟಿನಲ್ಲಿ, ಗಿಯರ್ ಸವೆದ ಮಾತ್ರಕ್ಕೆ ಮೆಷಿನ್ ಗುಜರಿಯಲ್ಲ. ಸಣ್ಣ ವರ್ಕ್‌ಶಾಪ್ ನಡೆಸುವವರಿಗೆ ಅದೇ ಮೆಷಿನ್ ಅನ್ನ. ತೂಕಕ್ಕೆ ಮಾರುವ ಮುನ್ನ ಹಲ್ಲು ಎಣಿಸಿ, ವ್ಯಾಸ ಅಳೆಯಿರಿ, ಗೊತ್ತಿರುವ ಮೆಷಿನಿಸ್ಟ್ ಒಬ್ಬರಿಗೆ ತೋರಿಸಿ.