ಬಾಡಿಗೆಯಲ್ಲಿ ಧರ್ಮ: ಆಕ್ಟೇವಿಯಾ ಹಿಲ್ ಚರಿತ್ರೆ

ಊರು ಬೆಳೆದಂತೆ ನೆಲದ ಬೆಲೆ ಏರುವುದು. ನೆಲದ ಬೆಲೆ ಏರಿದಂತೆ ಬಡವನ ಬಿಡಾರ ಕಿರಿದಾಗುವುದು. ಬೀದಿ ಗುಡಿಸುವವನೂ ಹೊರೆ ಹೊರುವವನೂ ಬಟ್ಟೆ ಒಗೆಯುವವಳೂ ಊರಿಗೆ ಬೇಕು. ಅವರು ಊರೊಳಗೆ ವಾಸಿಸುವುದು ಮಾತ್ರ ಯಾರಿಗೂ ಬೇಡ. ಈ ಸಂಕಟಕ್ಕೆ ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ಒಬ್ಬ ಮಹಿಳೆಯು ಕಂಡುಕೊಂಡ ಪರಿಹಾರವು ಯಾವುದು, ಅದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಮನೆಯೊಡೆಯರೂ ಬಾಡಿಗೆದಾರರೂ ನಗರಾಡಳಿತದ ಹೊಣೆ ಹೊತ್ತವರೂ ಆದ ನಮ್ಮ ವಾಚಕರು ಅರಿಯುವುದು ಯುಕ್ತವಾಗಿದೆ. ಆಕೆಯ ಹೆಸರು ಆಕ್ಟೇವಿಯಾ ಹಿಲ್.

ಆಕೆಯು 1838ನೆಯ ಇಸವಿ ಡಿಸೆಂಬರ್ 3ರಂದು ಇಂಗ್ಲೆಂಡಿನ ವಿಸ್ಬೀಚ್ ಪಟ್ಟಣದಲ್ಲಿ ಜನಿಸಿದಳು. ತಂದೆ ಜೇಮ್ಸ್ ಹಿಲ್ ಧಾನ್ಯದ ವರ್ತಕನು. 1840ರಲ್ಲಿ ಆತನು ದಿವಾಳಿಯಾಗಲು ಸಂಸಾರವು ಚದರಿಹೋಯಿತು. ಮಾತಾಮಹನಾದ ಡಾಕ್ಟರ್ ಸೌತ್‌ವುಡ್ ಸ್ಮಿತ್ ನಗರಗಳ ಕೊಳಚೆಗೂ ಜ್ವರಮಾರಿಗೂ ಇರುವ ನಂಟನ್ನು ಸರಕಾರಕ್ಕೆ ಮನಗಾಣಿಸಲು ಶ್ರಮಿಸಿದ ವೈದ್ಯನು. ಬಡವರ ಮನೆಗಳ ಕಥೆಯನ್ನು ಬಾಲಿಕೆಯು ಆತನಿಂದಲೇ ಮೊದಲು ಅರಿತಳು. 1852ರಲ್ಲಿ ತಾಯಿಯು ಲಂಡನ್ನಿನ ಒಂದು ಮಹಿಳಾ ಸಹಕಾರ ಸಂಘದಲ್ಲಿ ಉದ್ಯೋಗ ಹಿಡಿದಳು. ಅಲ್ಲಿ ಬೊಂಬೆಗಳ ಸಾಮಾನು ಮಾಡುತ್ತಿದ್ದ ನಿರ್ಗತಿಕ ಹುಡುಗಿಯರ ಮೇಲ್ವಿಚಾರಣೆಯು ಹದಿನಾಲ್ಕರ ಆಕ್ಟೇವಿಯಾಳಿಗೆ ಬಂದಿತು. ಆ ಹುಡುಗಿಯರ ಮನೆಗಳಿಗೆ ಹೋಗಿ ಬಂದ ಮೇಲೆ, ಕೂಲಿ ಎಷ್ಟು ಬಂದರೂ ವಾಸಸ್ಥಾನವು ಹಾಗೆಯೇ ಇರುವ ತನಕ ಬಾಳು ನೇರ್ಪಡದೆಂಬುದು ಆಕೆಗೆ ದೃಢವಾಯಿತು.

ಪ್ರಸಿದ್ಧ ಲೇಖಕನಾದ ಜಾನ್ ರಸ್ಕಿನ್ನನ ಬಳಿ ಆಕೆಯು ಚಿತ್ರಗಳನ್ನು ನಕಲು ಮಾಡುವ ಕೆಲಸದಲ್ಲಿದ್ದಳು. ತಂದೆಯ ಮರಣದಿಂದ ಆತನಿಗೆ ಆಸ್ತಿ ಬಂದಾಗ, ಬಡವರಿಗಾಗಿ ಮನೆಗಳನ್ನು ಕೊಳ್ಳಬೇಕೆಂದು ಆಕೆಯು ಬೇಡಿಕೊಂಡಳು. 1865ರಲ್ಲಿ ಆತನು ಮೇರಿಲಬೋನ್ ಭಾಗದ ಪ್ಯಾರಡೈಸ್ ಪ್ಲೇಸ್ ಎಂಬಲ್ಲಿ ಮೂರು ಮನೆಗಳನ್ನು ಗೇಣಿಗೆ ಕೊಂಡು ಆಕೆಯ ಕೈಗೆ ಒಪ್ಪಿಸಿದನು. ಕೇರಿಯ ಹೆಸರೇನೋ ಸ್ವರ್ಗ, ಒಳಗಿದ್ದುದು ನರಕ. ರಸ್ಕಿನ್ನನ ನಿಬಂಧನೆ ಒಂದೇ: ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5 ಬರಬೇಕು. ದಾನವೆಂದರೆ ಕೈಕಟ್ಟಿ ಕೂರುವ ಧನಿಕರು, ಮಿತವಾದ ಲಾಭ ಕಂಡರೆ ತಾವೂ ಮುಂದೆ ಬರುವರೆಂಬುದು ಆತನ ಎಣಿಕೆಯಾಗಿತ್ತು.

ಆಕೆಯ ಪದ್ಧತಿಯು ಸರಳವಾಗಿತ್ತು. ಮೊದಲು ಮೋರಿಯನ್ನೂ ನೀರಿನ ವ್ಯವಸ್ಥೆಯನ್ನೂ ಸರಿಪಡಿಸುವುದು, ಒಡೆದ ಕಿಟಕಿಗಳಿಗೆ ಗಾಜು ಹಾಕಿಸುವುದು, ಗೋಡೆಗೆ ಸುಣ್ಣ ಬಳಿಯಿಸುವುದು. ಒಂದೇ ಕೋಣೆಯಲ್ಲಿ ಕಿಕ್ಕಿರಿದಿದ್ದ ಸಂಸಾರಕ್ಕೆ ಅಲ್ಪ ಹೆಚ್ಚಳದಲ್ಲಿ ಎರಡು ಕೋಣೆಗಳನ್ನು ಕೊಡುವುದು. ಪ್ರತಿ ವಾರವೂ ತಾನೇ ಬಾಗಿಲಿಗೆ ಹೋಗಿ ಬಾಡಿಗೆ ಪಡೆಯುವುದು, ಬಾಕಿಯನ್ನು ಬೆಳೆಯಗೊಡದಿರುವುದು. ರಿಪೇರಿಗಾಗಿ ವರ್ಷಕ್ಕಿಷ್ಟು ಹಣವನ್ನು ಪ್ರತ್ಯೇಕಿಸಿ, ಅದರಲ್ಲಿ ಮಿಕ್ಕುದನ್ನು ಒಕ್ಕಲಿನವರು ಬಯಸಿದ ಅನುಕೂಲಕ್ಕೆ ವೆಚ್ಚ ಮಾಡುವುದು. ಹೀಗಾಗಿ ಕಿಟಕಿ ಒಡೆಯದಂತೆ ನೋಡಿಕೊಳ್ಳುವುದು ಒಕ್ಕಲಿನವನ ಸ್ವಂತ ಲಾಭವಾಯಿತು. ಕೆಲಸವಿಲ್ಲದವರಿಗೆ ಆ ಮನೆಗಳ ರಿಪೇರಿಯಲ್ಲಿಯೇ ಕೂಲಿ ದೊರೆಯಿತು. ಮಧ್ಯಸ್ಥ ಗುತ್ತಿಗೆದಾರನು ಹಿಂಡಿ ತೆಗೆಯುತ್ತಿದ್ದ ಹಣವೇ ಈಗ ಮನೆಯ ರಕ್ಷಣೆಗೆ ಸಂದಿತು. ಶೇಕಡಾ 5ರ ಲಾಭವೂ ಕೈಗೂಡಿತು.

1874ರ ವೇಳೆಗೆ ಸುಮಾರು 3000 ಮಂದಿ ಒಕ್ಕಲಿನವರು ಹದಿನೈದು ವಸತಿಗಳಲ್ಲಿ ಆಕೆಯ ಆಡಳಿತಕ್ಕೆ ಒಳಪಟ್ಟಿದ್ದರು. 1884ರಿಂದ ಇಂಗ್ಲೆಂಡಿನ ಮಠದ ಆಸ್ತಿಯ ಕಮಿಷನರುಗಳೂ ಸದರ್ಕ್ ಮುಂತಾದ ಕಡೆಗಳ ತಮ್ಮ ಮನೆಗಳನ್ನು ಆಕೆಗೆ ಒಪ್ಪಿಸಿದರು. ವಿದ್ಯಾವಂತ ಸ್ತ್ರೀಯರನ್ನು ಆಕೆಯು ಈ ಕಾರ್ಯದಲ್ಲಿ ತರಬೇತು ಮಾಡಿದಳು. ಮನೆಗಳ ಆಡಳಿತವು ಸ್ತ್ರೀಯರಿಗೆ ಒಂದು ವೃತ್ತಿಯಾಗಿ ಬೆಳೆದುದು ಆಕೆಯಿಂದಲೇ.

ಅದೇ ಕಾಲದಲ್ಲಿ ಸರಕಾರದ ಮಾರ್ಗವು ಬೇರೆಯಾಗಿತ್ತು. 1875ರ ಶಾಸನವು ಕೆಟ್ಟ ಕೇರಿಗಳನ್ನು ಕೆಡವಲು ಪುರಾಡಳಿತಗಳಿಗೆ ಅಧಿಕಾರವಿತ್ತಿತು. ಕೆಡವಿದುದು ಬೇಗ, ಕಟ್ಟಿದುದು ತಡ; ಕಟ್ಟಿದ ಮೇಲೆ ಬಂದವರು ಬೇರೆಯವರು. ಷೋರ್ಡಿಚ್ ಭಾಗದ ಓಲ್ಡ್ ನಿಕಲ್ ಎಂಬ ಕೇರಿಯಿಂದ 1890ರ ದಶಕದಲ್ಲಿ ಐದು ಸಾವಿರಕ್ಕೂ ಮಿಕ್ಕ ಜನರನ್ನು ಎಬ್ಬಿಸಲಾಯಿತು. ಅಲ್ಲಿ ಎದ್ದುನಿಂತ ಸೊಗಸಾದ ಕಟ್ಟಡಗಳು 1900ರಲ್ಲಿ ಪ್ರಾರಂಭೋತ್ಸವವನ್ನು ಕಂಡುವು. ಆದರೆ ಹಳೆಯ ನಿವಾಸಿಗಳಲ್ಲಿ ಮರಳಿ ಬಂದವರು ಬೆರಳೆಣಿಕೆಯವರು ಮಾತ್ರ. ಉಳಿದವರು ಪಕ್ಕದ ಕೇರಿಗಳಿಗೆ ನುಗ್ಗಿ ಅವನ್ನು ಇನ್ನಷ್ಟು ಕಿಕ್ಕಿರಿಸಿದರು. ಇದ್ದವರನ್ನು ಇದ್ದಲ್ಲಿಯೇ ಇರಿಸಿ ಮನೆಯನ್ನು ತಿದ್ದಬೇಕೆಂಬ ಆಕ್ಟೇವಿಯಾಳ ನೀತಿಯ ಬೆಲೆ ಇಂಥ ಕಡೆಯಲ್ಲಿ ತಿಳಿಯುವುದು.

ಆದರೆ ಚರಿತ್ರೆಯು ಸ್ತುತಿಪಾಠವಾಗಬಾರದು. ಬಾಡಿಗೆ ಕೊಡದವನನ್ನು ಒಕ್ಕಲೆಬ್ಬಿಸಲು ಆಕೆಯು ಹಿಂಜರಿಯಲಿಲ್ಲ; ಆಕೆಯ ನೆರವು ನಿಯಮಕ್ಕೆ ಬಗ್ಗುವವರಿಗೇ ದೊರೆಯಿತು. ಪುರಸಭೆಯೇ ಮನೆ ಕಟ್ಟಿ ಬಾಡಿಗೆಗೆ ಕೊಡುವುದನ್ನೂ, ವೃದ್ಧರಿಗೆ ಸರಕಾರ ವೇತನ ಕೊಡುವುದನ್ನೂ, ಸ್ತ್ರೀಯರ ಮತಾಧಿಕಾರವನ್ನೂ ಆಕೆಯು ವಿರೋಧಿಸಿದಳು. ಲಂಡನ್ ನಿವಾಸಿಗಳಲ್ಲಿ ಶೇಕಡಾ 30ಕ್ಕೂ ಮಿಕ್ಕವರು ಬಡತನದಲ್ಲಿರುವರೆಂದು ಚಾರ್ಲ್ಸ್ ಬೂತನ ಗಣನೆಯು ತೋರಿಸಿತು. ಅಷ್ಟು ದೊಡ್ಡ ಗಾಯಕ್ಕೆ ಕೆಲವು ಸಜ್ಜನರ ಶೇಕಡಾ 5ರ ಬಂಡವಾಳವು ಸಾಲುವಂತಿರಲಿಲ್ಲ. ಕೊನೆಗೆ 1919ರ ಶಾಸನದಿಂದ ಸರಕಾರವೇ ಹಣ ನೀಡಿ ಪುರಸಭೆಗಳಿಂದ ಮನೆ ಕಟ್ಟಿಸಬೇಕಾಯಿತು.

ಆಕೆಯ ಬಾಳು ಸುಖದ್ದೂ ಆಗಿರಲಿಲ್ಲ. 1877ರಲ್ಲಿ ದಣಿವಿನಿಂದ ಆರೋಗ್ಯ ಕುಸಿಯಿತು. ಅದೇ ವೇಳೆಗೆ ರಸ್ಕಿನ್ನನೊಡನೆ ಮನಸ್ತಾಪ ಹುಟ್ಟಿ, ಆತನು ಅದನ್ನು ಬಹಿರಂಗಪಡಿಸಿದನು. ಚೇತರಿಸಿಕೊಂಡು ಬಂದ ಮೇಲೆ ಆಕೆಯು ಬಡವರಿಗೆ ಮನೆಯಷ್ಟೇ ಸಾಲದು, ಆಕಾಶವೂ ಹಸುರೂ ಬೇಕೆಂದು ಬಯಲುಗಳ ರಕ್ಷಣೆಗೆ ಹೋರಾಡಿದಳು. 1887ರಲ್ಲಿ ಸದರ್ಕಿನ ರೆಡ್ ಕ್ರಾಸ್ ಉದ್ಯಾನವು ತೆರೆಯಿತು. 1895ರಲ್ಲಿ ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್‌ಲಿ ಎಂಬವರೊಡನೆ ಸೇರಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯನ್ನು ಸ್ಥಾಪಿಸಿದಳು. 1912ನೆಯ ಇಸವಿ ಆಗಸ್ಟ್ 13ರಂದು ಆಕೆಯು ಕಾಲವಾದಳು.

ಇಂದು ಆ ಮೇರಿಲಬೋನ್ ಸಿರಿವಂತರ ಬಡಾವಣೆಯಾಗಿದೆ. ಬಡವರ ಕೇರಿಗೆ ಉಳ್ಳವರು ಬಂದು ನೆಲಸಿ, ಬಾಡಿಗೆ ಏರಿ, ಹಳಬರು ತೊಲಗುವ ಈ ಕ್ರಮಕ್ಕೆ 1964ರಲ್ಲಿ ರೂತ್ ಗ್ಲಾಸ್ ಎಂಬ ವಿದುಷಿಯು ಲಂಡನ್ನನ್ನೇ ನೋಡಿ ಜೆಂಟ್ರಿಫಿಕೇಷನ್ ಎಂದು ಹೆಸರಿಟ್ಟಳು. ಕೇರಿಯು ಚೆಲುವಾದರೆ ಬಾಡಿಗೆ ಏರುವುದು. ಏರದಂತೆ ತಡೆಯುವ ಕೈಯಿಲ್ಲದಿದ್ದರೆ ಸುಧಾರಣೆಯೇ ಬಡವನಿಗೆ ಶಿಕ್ಷೆಯಾಗುವುದು. ಆಕ್ಟೇವಿಯಾಳ ಮನೆಗಳಲ್ಲಿ ಆ ಕೈಯಿತ್ತು: ಲಾಭಕ್ಕೊಂದು ಮಿತಿ. ಆಕೆಯು ಹಾಕಿದ ಮಿತಿಯು ಕೆಲವೇ ಮನೆಗಳಿಗೆ ಸಲ್ಲುತ್ತಿತ್ತು. ಅದನ್ನು ಇಡೀ ನಗರಕ್ಕೆ ಸಲ್ಲಿಸುವುದು ಶಾಸನದ ಕೆಲಸ. ರಸ್ತೆ ಅಗಲಿಸುವ, ಕೇರಿ ಕೆಡಹುವ ಆಜ್ಞೆಗೆ ರುಜು ಹಾಕುವ ಅಧಿಕಾರಿಯು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇಲ್ಲಿಂದ ಏಳುವವರು ಇಂದು ರಾತ್ರಿ ಎಲ್ಲಿ ಮಲಗುವರು? ಅದಕ್ಕೆ ಉತ್ತರವಿಲ್ಲದ ಸುಧಾರಣೆಯು ಸುಧಾರಣೆಯೆನಿಸದು.