ಹಿಲ್ಡೆ ಮಾಂಗೋಲ್ಡ್: ಭ್ರೂಣದ ಗುಟ್ಟು ಬಿಡಿಸಿದ ವಿದ್ಯಾರ್ಥಿನಿ

ತಾಯಿಯ ಗರ್ಭದಲ್ಲಾಗಲಿ, ಕೋಳಿಯ ಮೊಟ್ಟೆಯಲ್ಲಾಗಲಿ, ಪ್ರತಿಯೊಂದು ಜೀವಿಯೂ ಮೊದಲು ಒಂದೇ ಒಂದು ಜೀವಕೋಶವಾಗಿರುತ್ತದೆ. ಅದು ಒಡೆದು ಎರಡಾಗಿ, ನಾಲ್ಕಾಗಿ, ಸಾವಿರಾರಾಗಿ ಬೆಳೆಯುತ್ತದೆ. ಇವುಗಳಲ್ಲಿ ಯಾವುದು ಚರ್ಮವಾಗಬೇಕು, ಯಾವುದು ಮಿದುಳಾಗಬೇಕು ಎಂದು ಅಪ್ಪಣೆ ಕೊಡುವವರು ಯಾರು? ಈ ಪ್ರಶ್ನೆಯ ಉತ್ತರಕ್ಕೆ ದಾರಿ ತೆರೆದವಳು, ಇಪ್ಪತ್ತಾರು ವರ್ಷ ತುಂಬುವ ಮೊದಲೇ ತೀರಿಕೊಂಡ ಒಬ್ಬ ತರುಣಿ.

ಹಿಲ್ಡೆ ಪ್ರೋಷೋಲ್ಟ್ 1898ರ ಅಕ್ಟೋಬರ್ 20ರಂದು ಜರ್ಮನಿಯ ಗೋಥಾ ಪಟ್ಟಣದಲ್ಲಿ ಜನಿಸಿದಳು. ತಂದೆ ಸಾಬೂನು ಕಾರ್ಖಾನೆಯ ಒಡೆಯ. ಹೆಣ್ಣುಮಕ್ಕಳು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವುದು ಅಲ್ಲಿಯೂ ಆಗ ಹೊಸತೇ ಆಗಿತ್ತು. ಹಿಲ್ಡೆ ಯೇನಾದಲ್ಲಿಯೂ ಬಳಿಕ ಫ್ರಾಂಕ್‌ಫರ್ಟಿನಲ್ಲಿಯೂ ಓದಿದಳು. ಅಲ್ಲಿ ಪ್ರಾಣಿಶಾಸ್ತ್ರಜ್ಞ ಹಾನ್ಸ್ ಸ್ಪೇಮಾನರ ಉಪನ್ಯಾಸ ಕೇಳಿದ ಮೇಲೆ ಭ್ರೂಣಶಾಸ್ತ್ರವೇ ತನ್ನ ಹಾದಿಯೆಂದು ನಿಶ್ಚಯಿಸಿ, 1920ರಲ್ಲಿ ಅವರಿದ್ದ ಫ್ರೈಬುರ್ಗಿಗೆ ಹೋದಳು.

ಗುರುಗಳು ಮೊದಲು ಒಪ್ಪಿಸಿದ ಕೆಲಸ, ಹೈಡ್ರಾ ಎಂಬ ಸಣ್ಣ ಜಲಜೀವಿಯ ಒಳಗನ್ನು ಹೊರಗಾಗಿ ತಿರುವುವ ಹಳೆಯ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು. ಅದು ಕೈಗೂಡಲಿಲ್ಲ. ಹಿಲ್ಡೆ ಬೇರೆ ವಿಷಯ ಬೇಡಿದಳು. ಹಾಗೆ ದೊರೆತದ್ದೇ ನ್ಯೂಟ್ ಎಂಬ ಉಭಯಚರ ಪ್ರಾಣಿಯ ಭ್ರೂಣದ ಪ್ರಯೋಗ. ಒಂದು ಜಾತಿಯ ಭ್ರೂಣ ಬಿಳಿಚು ಬಣ್ಣದ್ದು, ಇನ್ನೊಂದರದು ಕಪ್ಪು ಛಾಯೆಯದು. ಬಿಳಿಚು ಭ್ರೂಣದಲ್ಲಿ ಮುಂದೆ ಬೆನ್ನಾಗುವ ಕಡೆಯ ಒಂದು ಚೂರನ್ನು ಕತ್ತರಿಸಿ ಕಪ್ಪು ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಬೇಕು. ಬಣ್ಣ ಬೇರೆಯಾದ್ದರಿಂದ ಯಾವ ಕೋಶ ಯಾರದೆಂದು ಗುರುತು ಸಿಗುತ್ತದೆ.

ಹೇಳಲು ಸುಲಭ, ಮಾಡಲು ಕಷ್ಟ. ಭ್ರೂಣದ ಗಾತ್ರ ಸುಮಾರು ಎರಡು ಮಿಲಿಮೀಟರ್ ಮಾತ್ರ. ಆಯುಧಗಳೆಂದರೆ ಗಾಜಿನ ಸೂಜಿ ಮತ್ತು ಕೂದಲಿನ ಕುಣಿಕೆ. ನ್ಯೂಟ್ ಮೊಟ್ಟೆ ಇಡುವುದು ವಸಂತದಲ್ಲಿ ಮಾತ್ರ. ಸೋಂಕು ತಡೆಯುವ ಇಂದಿನ ಔಷಧಗಳು ಆಗ ಇರಲಿಲ್ಲವಾದ್ದರಿಂದ ಹೆಚ್ಚಿನ ಭ್ರೂಣಗಳು ಸತ್ತವು. 1921 ಮತ್ತು 1922ರ ವಸಂತಗಳಲ್ಲಿ ಹಿಲ್ಡೆ ನೂರಾರು ಕಸಿಗಳನ್ನು ಮಾಡಿದಳು. ಪ್ರಬಂಧದಲ್ಲಿ ವಿವರಿಸಲು ಉಳಿದದ್ದು ಕೇವಲ ಆರು ಭ್ರೂಣಗಳು.

ಆದರೆ ಆ ಆರೇ ಸಾಕಾದವು. ಕಸಿ ಮಾಡಿದೆಡೆಯಲ್ಲಿ ಎರಡನೆಯ ಮರಿಯೊಂದು ರೂಪುಗೊಳ್ಳತೊಡಗಿತ್ತು. ಅದರ ನರಮಂಡಲವು ಬಹುಪಾಲು ಕಪ್ಪು ಕೋಶಗಳಿಂದಲೇ ಆಗಿತ್ತು! ಎಂದರೆ ಹೊರಗಿನಿಂದ ಬಂದ ಚೂರು ತಾನೇ ಮಿದುಳಾಗಲಿಲ್ಲ. ಚರ್ಮವಾಗಬೇಕಾಗಿದ್ದ ನೆರೆಯ ಕೋಶಗಳನ್ನು ನರಮಂಡಲವಾಗುವಂತೆ ಮಾಡಿತು. ಆ ಭಾಗಕ್ಕೆ ‘ಸಂಘಟಕ’ ಎಂಬ ಹೆಸರು ಬಂತು.

ಈ ನಡುವೆ 1921ರಲ್ಲಿ ಹಿಲ್ಡೆ ಸ್ಪೇಮಾನರ ಸಹಾಯಕ ಓಟೊ ಮಾಂಗೋಲ್ಡರನ್ನು ಮದುವೆಯಾದಳು. 1923ರಲ್ಲಿ ಡಾಕ್ಟರೇಟ್ ಬಂತು. ವರ್ಷದ ಕೊನೆಗೆ ಗಂಡುಮಗು ಹುಟ್ಟಿತು. ಪ್ರಬಂಧ ಅಚ್ಚಾಗುವಾಗ ಗುರುಗಳು ತಮ್ಮ ಹೆಸರನ್ನು ಮುಂದಿಟ್ಟರು. ಹಿಲ್ಡೆಗೆ ಇದು ನೋವುಂಟುಮಾಡಿತೆಂದು ಸಹಪಾಠಿಗಳು ನೆನೆದಿದ್ದಾರೆ. ಆ ಪ್ರಬಂಧ ಹೊರಬಿದ್ದದ್ದು 1924ರಲ್ಲಿ. ಅದು ಪಡೆದ ಮನ್ನಣೆಯನ್ನು ಕಾಣುವ ಭಾಗ್ಯ ಆಕೆಗೆ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಡಿಗೆಮನೆಯ ಒಲೆ ಸಿಡಿದು, ಸುಟ್ಟಗಾಯಗಳಿಂದ ಹಿಲ್ಡೆ ಮರಣ ಹೊಂದಿದಳು. 1935ರಲ್ಲಿ ಸಂಘಟಕದ ಶೋಧಕ್ಕಾಗಿ ಸ್ಪೇಮಾನರಿಗೆ ನೊಬೆಲ್ ಪಾರಿತೋಷಕ ಬಂತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹಿಲ್ಡೆಯ ಪಾಲಿಗೆ ಅರ್ಧ ಮಾತ್ರ ನಿಜವಾಯಿತು.

ಸಂಘಟಕವು ಅಪ್ಪಣೆ ಕೊಡುವುದು ಹೇಗೆ? ಇದನ್ನು ಅರಿಯಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ವಂಶವಾಹಿಗಳು ಕಪ್ಪೆಯ ಭ್ರೂಣದಲ್ಲಿ ದೊರೆತವು. ಭ್ರೂಣದ ಹೊರಪದರದ ಕೋಶಗಳಿಗೆ ಚರ್ಮವಾಗೆಂದು ಹೇಳುವ ಪ್ರೋಟೀನೊಂದಿದೆ. ಈ ವಂಶವಾಹಿಗಳಿಂದಾಗುವ ಪ್ರೋಟೀನುಗಳು ಅದಕ್ಕೆ ತಡೆಯೊಡ್ಡುತ್ತವೆ. ತಡೆ ಬಿದ್ದೆಡೆ ಕೋಶಗಳು ನರಮಂಡಲವಾಗುತ್ತವೆ. ಸಸ್ತನಿಗಳಲ್ಲಿಯೂ ಇವು ಇವೆ. ಇವೆರಡೂ ಇಲ್ಲದ ಇಲಿಯ ಭ್ರೂಣದಲ್ಲಿ ಮುಮ್ಮಿದುಳು ಸರಿಯಾಗಿ ಬೆಳೆಯದೆಂದು 2000ದಲ್ಲಿ ತಿಳಿದುಬಂತು.

ಇಂದು ಪಠ್ಯಪುಸ್ತಕಗಳು ಆ ಭಾಗವನ್ನು ಸ್ಪೇಮಾನ್–ಮಾಂಗೋಲ್ಡ್ ಸಂಘಟಕವೆಂದು ಕರೆಯುತ್ತವೆ. ಮಕ್ಕಳೇ, ಒಂದು ಪ್ರಯೋಗ ಕೆಟ್ಟಾಗ ಇನ್ನೊಂದನ್ನು ಬೇಡಿ ಪಡೆದ, ನೂರಾರು ಸಲ ಸೋತರೂ ಸೂಜಿ ಕೆಳಗಿಡದ ಈ ವಿದ್ಯಾರ್ಥಿನಿಯನ್ನು ನೆನಪಿಡಿ. ತಂದೆತಾಯಿಗಳೇ, ಪ್ರಯೋಗಶಾಲೆಯ ಬಾಗಿಲು ನಿಮ್ಮ ಹೆಣ್ಣುಮಕ್ಕಳಿಗೂ ತೆರೆದಿರಲಿ.